ಮರ ಕಡಿಯದ ಸಾಮ್ರಾಜ್ಯ

ನಾನು ಅರಣ್ಯ ಇಲಾಖೆಯಲ್ಲಿ ಗಾರ್ಡು. ಕೆಲಸ ಬಂಡೀಪುರದ ಕಾಡಿನಲ್ಲಿ, ಬಾಡಿಗೆ ಮನೆ ಗುಂಡ್ಲುಪೇಟೆಯಲ್ಲಿ, ಹುಟ್ಟಿದ್ದು ಹರದನಹಳ್ಳಿಯಲ್ಲಿ. ನನ್ನ ಹೆಂಡತಿ ಉಡಿಗಾಲದವಳು, ಗುಂಡ್ಲುಪೇಟೆಯ ಒಂದು ಆಸ್ಪತ್ರೆಯಲ್ಲಿ ನರ್ಸು. ಮನೆಯಲ್ಲಿ ನಾವಿಬ್ಬರೇ. ನನಗೆ ಕೋಪ ಮೂಗಿನ ತುದಿಯಲ್ಲಿ. ಅವಳಿಗೆ ಕೋಪ ಬರುವುದೇ ಅಪರೂಪ, ಬಂದರೆ ಮಾತ್ರ ಅಡುಗೆಮನೆಯಲ್ಲಿ ಪಾತ್ರೆಗಳೇ ಮಾತಾಡುತ್ತವೆ. ಇಷ್ಟು ಹೇಳಿದರೆ ನಮ್ಮ ಸಂಸಾರದ ಮುಕ್ಕಾಲು ಪಾಲು ಹೇಳಿದಂತೆ. ಉಳಿದದ್ದು ಒಂದು ಹಳೇ ಲ್ಯಾಪ್‌ಟಾಪಿನಲ್ಲಿದೆ.

ಆ ಲ್ಯಾಪ್‌ಟಾಪಿಗೆ ಸಾಮ್ರಾಜ್ಯ ಕಟ್ಟುವ ಆಟವೊಂದನ್ನು ಹಾಕಿಕೊಟ್ಟವನು ನನ್ನ ಜೊತೆ ಕೆಲಸ ಮಾಡುವ ಇನ್ನೊಬ್ಬ ಗಾರ್ಡು, ನನ್ನ ಗೆಳೆಯ. ರಾಜರ ಕಾಲದ ಆಟ. ಮೊದಲಿಗೆ ನಿಮಗೆ ನದಿಯ ದಂಡೆಯಲ್ಲಿ ಒಂದು ಸಣ್ಣ ಹಳ್ಳಿ, ನಾಲ್ಕಾರು ಕುಟುಂಬ, ಒಂದಿಷ್ಟು ದವಸ, ಒಂದಿಷ್ಟು ಮರಮುಟ್ಟು ಕೊಡುತ್ತಾರೆ. ಅಲ್ಲಿಂದ ಹೊಲ ಮಾಡಿ, ಸಂತೆ ಕಟ್ಟಿ, ಊರು ಬೆಳೆಸಿ, ಸೈನ್ಯ ಕೂಡಿಸಿ ಸುತ್ತಲಿನ ರಾಜರನ್ನು ಗೆಲ್ಲಬೇಕು. ಒಂದೊಂದು ಸರದಿಗೆ ಒಂದೊಂದು ಕಾಲ ಕಳೆಯುತ್ತದೆ: ಬಿತ್ತನೆ, ಕುಯ್ಲು, ಬೇಸಿಗೆ, ಮತ್ತೆ ಬಿತ್ತನೆ. ಸರದಿ ಮುಗಿದಾಗ ಊರು ಬೆಳೆದದ್ದೆಷ್ಟು, ಉಂಡದ್ದೆಷ್ಟು ಎಂದು ಆಟವೇ ಹೇಳುತ್ತದೆ. ವಾರದ ರಜೆಯಲ್ಲಿ ಊಟ ಮುಗಿಸಿ ಅದರ ಮುಂದೆ ಕೂತರೆ ನಾನೇ ಚಕ್ರವರ್ತಿ.

ಆದರೆ ಯಾವಾಗಲೂ ಸೋಲುವ ಚಕ್ರವರ್ತಿ. ಕಾರಣ ಕೇಳಿದರೆ ನಗುತ್ತೀರಿ. ನನ್ನ ಹಳ್ಳಿಯ ಪಕ್ಕದಲ್ಲೇ ದಟ್ಟವಾದ ಕಾಡಿತ್ತು. ಕಾಡಿನ ಮೇಲೆ ಒತ್ತಿದರೆ ಕೊಡಲಿಯ ಚಿತ್ರ ಬರುತ್ತಿತ್ತು. ಕೊಡಲಿ ಒತ್ತಿದರೆ ಮರ ಬೀಳುತ್ತದೆ, ಮರ ಬಿದ್ದರೆ ಮನೆ, ಕಣಜ, ಗಾಡಿ, ದೋಣಿ ಎಲ್ಲವೂ ಆಗುತ್ತದೆ. ನನ್ನ ಕೈ ಆ ಕೊಡಲಿಯ ಹತ್ತಿರಕ್ಕೇ ಹೋಗಲಿಲ್ಲ. ಇಡೀ ವಾರ ಮರಗಳ್ಳರ ಹಿಂದೆ ಓಡಿ, ಬೇಸಿಗೆ ಬಂತೆಂದರೆ ಕಾಳ್ಗಿಚ್ಚು ಹರಡದಂತೆ ಬೆಂಕಿ ರೇಖೆ ಮಾಡಲು ಹೋಗಿ ಮೈಯೆಲ್ಲ ಮಸಿ ಮಾಡಿಕೊಂಡು ಬರುವವನು ನಾನು. ರಜೆಯ ದಿನ ಮನೆಯಲ್ಲಿ ಕೂತು ಕಾಡು ಕಡಿಸಲೇ? ಜಿಂಕೆ ಹೊಡೆದರೆ ಊರಿಗೆ ಮಾಂಸ ಸಿಗುತ್ತದೆ ಎಂದು ಆಟ ಆಸೆ ತೋರಿಸಿತು. ನನಗೆ ಕಣ್ಣ ಮುಂದೆ ಕೇಸು ಬಂತು. ಆನೆ ಹಿಡಿದು ಸೈನ್ಯಕ್ಕೆ ಪಳಗಿಸಬಹುದು ಎಂದಿತು. ಅದನ್ನೂ ಬಿಟ್ಟೆ. ಸರಕಿನ ಗಾಡಿಗಳ ದಾರಿಯನ್ನು ಕೂಡ ಕಾಡಿನೊಳಗೆ ಎಳೆಯದೆ ದೂರದಿಂದ ಸುತ್ತು ಹಾಕಿಸಿದೆ.

ಇಂಥ ರಾಜನೊಬ್ಬ ಬರುತ್ತಾನೆಂದು ಆಟ ಮಾಡಿದವರು ಯೋಚಿಸಿರಲಿಲ್ಲವೆಂದು ಕಾಣುತ್ತದೆ. ಇದ್ದಬದ್ದ ಮರಮುಟ್ಟನ್ನೆಲ್ಲ ನಾನು ಮೊದಲಿಗೇ ಸಿಪಾಯಿಗಳ ಠಾಣೆಗೆ ಸುರಿದುಬಿಡುತ್ತಿದ್ದೆ. ಸಿಪಾಯಿಗಳು ಬರುತ್ತಿದ್ದರು, ಉಣ್ಣುತ್ತಿದ್ದರು, ದವಸ ಖಾಲಿಯಾದ ಮೇಲೆ ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಿದ್ದರು. ಪಕ್ಕದ ರಾಜ ದಂಡೆತ್ತಿ ಬರುವ ಹೊತ್ತಿಗೆ ಊರಿನಲ್ಲಿ ನಾನು ಮತ್ತು ನನ್ನ ಕಿರೀಟ ಮಾತ್ರ. ಗೆಳೆಯನಿಗೆ ಇದನ್ನು ಹೇಳಿದರೆ ಅವನು ಜೀಪಿಗೆ ಒರಗಿಕೊಂಡು ಹೊಟ್ಟೆ ಹಿಡಿದು ನಕ್ಕ.

"ಅಲ್ಲೂವೆ ಡ್ಯೂಟಿ ಮಾಡ್ತಿದ್ದೀಯೇನ್ಲಾ? ಅದು ಆಟ ಕಣ್ಲಾ. ನಾಕು ಮರ ಕಡುದ್ರೆ ಯಾವ ಸಾಹೇಬ್ರೂ ನೋಟೀಸ್ ಕೊಡಲ್ಲ."

"ನಾನ್ ಕಡಿಯಕಿಲ್ಲ ಬುಡ್ಲಾ," ಎಂದೆ.

"ಅಂಗಾರೆ ಸೋಲ್ತಾ ಇರು, ಓಗು."

ಹಾಗೆ ಸೋತ ಒಂದು ಮಧ್ಯಾಹ್ನ ಲ್ಯಾಪ್‌ಟಾಪನ್ನು ರಪ್ಪನೆ ಮುಚ್ಚಿದೆ. ಹೆಂಡತಿ ಪಕ್ಕದಲ್ಲಿ ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಅಷ್ಟು ದಿನದಿಂದ ಅವಳು ಓರೆಗಣ್ಣಿನಲ್ಲಿ ಈ ಆಟವನ್ನು ನೋಡುತ್ತಲೇ ಇದ್ದಳೆಂದು ನನಗೆ ಗೊತ್ತೇ ಇರಲಿಲ್ಲ.

"ಮೊದ್ಲೇ ಅಷ್ಟು ಜನ ಸಿಪಾಯಿಗಳ್ನ ಯಾಕ್ರೀ ಕಟ್ಕಂಡ್ರಿ? ಅವ್ರಿಗೆ ಉಣ್ಣಕ್ಕಿಕ್ಕೋರ್ಯಾರು?" ಎಂದಳು.

"ಮರ ಇಲ್ದೆ ಕಣಜ ಕಟ್ಟದೆಂಗೆ ಮತ್ತೆ?"

"ಮರ ಕಡಿಯಕ್ಕೆ ನೀವ್ ಬುಡಲ್ಲ. ಸರಿ. ಇರೋ ಮರದಲ್ಲಿ ಮೊದ್ಲು ಏನ್ ಕಟ್ಬೇಕು ಅಂತ ನೋಡ್ಬೇಕು. ಕೊಡಿ ಇಲ್ಲಿ."

ಕೈಯನ್ನು ನೈಟಿಗೆ ಒರೆಸಿಕೊಂಡು ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಎಳೆದುಕೊಂಡಳು. "ಯುದ್ಧ ನೀವ್ ನೋಡ್ಕಳಿ, ಮನೆ ನಾನ್ ನೋಡ್ಕತೀನಿ" ಎಂದು ಒಪ್ಪಂದವಾಯಿತು. ಇನ್ನೇನು ಎರಡು ಮರ ಕಡಿಯಲೇ ಎಂದು ಕೇಳುತ್ತಾಳೆ, ಆಗ ಬೈಯೋಣ ಎಂದು ನಾನು ಕಾಯುತ್ತಿದ್ದೆ. ಅವಳು ಕೇಳಲಿಲ್ಲ. ಅಂದಿನಿಂದ ಇಂದಿನವರೆಗೆ ಒಂದು ಸಲವೂ ಕೇಳಿಲ್ಲ.

ಇದ್ದ ಮರದಲ್ಲಿ ಅವಳು ಕಟ್ಟಿದ್ದು ಸಂತೆ! ಠಾಣೆಯಲ್ಲ, ಕಣಜವೂ ಅಲ್ಲ. ಮಾರುವುದಕ್ಕೆ ಒಂದು ಹಿಡಿ ದವಸವೂ ಇಲ್ಲದ ಊರಿಗೆ ಸಂತೆ ಯಾಕೆ ಎಂದು ನಾನು ಕೂಗಾಡಿದೆ. ಅವಳು ಸುಮ್ಮನೆ ನಕ್ಷೆಯನ್ನು ಕೆಳಗೆ ಸರಿಸಿ ಸಮುದ್ರದ ಅಂಚಿನಲ್ಲಿ ಬೆಳ್ಳಗೆ ಕಾಣುತ್ತಿದ್ದ ಜಾಗವನ್ನು ತೋರಿಸಿದಳು. ಉಪ್ಪು. ಅಷ್ಟು ಸಲ ಆಡಿದ್ದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಏಕೆಂದರೆ ನಾನು ನಕ್ಷೆಯಲ್ಲಿ ಹುಡುಕುತ್ತಿದ್ದದ್ದು ಶತ್ರುಗಳನ್ನು ಮಾತ್ರ. ಉಪ್ಪು ಮಾಡಲು ಮರ ಬೇಡ, ಬಿಸಿಲು ಮತ್ತು ಜನ ಸಾಕು. ಪೂರ್ವದ ರಾಜನ ರಾಜ್ಯದಲ್ಲಿ ಉಪ್ಪಿಲ್ಲ. ಅವನೋ ತನ್ನ ಕಾಡನ್ನು ಕಡಿದು ಕಡಿದು ಮರಮುಟ್ಟು ರಾಶಿ ಹಾಕಿಕೊಂಡಿದ್ದ. ಇವಳು ಉಪ್ಪು ಕಳಿಸಿದಳು, ಅವನು ಮರ ಕಳಿಸಿದ.

"ಅವ್ನ ಕಾಡು ಕಡುದ್ರೆ ನಿಮ್ಗೆ ಬೇಜಾರಿಲ್ವಾ?" ಎಂದು ಕಿಚಾಯಿಸಿದಳು.

"ಅದು ನಮ್ ರೇಂಜಿಗೆ ಬರಲ್ಲ," ಎಂದೆ. ಅವಳು ನಕ್ಕು ನಕ್ಕು ಅವರೆಕಾಳಿನ ಬಟ್ಟಲು ಬೀಳಿಸಿದಳು.

ಬಂದ ಮರದಲ್ಲಿ ಕಣಜ ಕಟ್ಟಿದಳು. ಎರಡನೇ ಊರು ಹುಟ್ಟಿದ ಕೂಡಲೇ ಅಲ್ಲೂ ಒಂದು ಕಣಜ, ಮೂರನೆಯದಕ್ಕೂ ಒಂದು. ರಾಜಧಾನಿಯಲ್ಲಿ ಒಂದೇ ದೊಡ್ಡ ಕಣಜ ಕಟ್ಟಿದರೆ ಮರ ಉಳಿಯುತ್ತದಲ್ಲ ಎಂದು ನಾನು ಜಾಣತನ ತೋರಿಸಿದೆ. "ಮಳೆ ಬಂದು ದಾರಿ ಕಟ್ಟಾಯ್ತು ಅನ್ನಿ, ಆಗ? ಯಾವೂರೂ ಇನ್ನೊಂದೂರಿನ ಕಣಜ ನಂಬ್ಕಂಡು ಕೂರ್ಬಾರ್ದು ಕಣ್ರೀ" ಎಂದಳು. ಮುಂದಿನ ಸರದಿಯಲ್ಲೇ ನದಿ ಉಕ್ಕಿ ದಾರಿ ಮುಚ್ಚಿಹೋಯಿತು ಎಂದು ಬರೆದರೆ ಕಥೆಗೆ ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಬಹಳ ಕಾಲ ಏನೂ ಆಗಲಿಲ್ಲ, ನನಗೆ ಆ ಮರವೆಲ್ಲ ದಂಡವಾಯಿತೆಂದು ಹೊಟ್ಟೆ ಉರಿಯುತ್ತಲೇ ಇತ್ತು. ದಾರಿ ಮುಚ್ಚಿದ್ದು ನಾನು ಆ ಮಾತನ್ನು ಮರೆತ ಮೇಲೆ. ಆಗ ಮೂರು ಊರೂ ತಮ್ಮ ಪಾಡಿಗೆ ತಾವು ಉಂಡುಕೊಂಡಿದ್ದವು.

ಅವಳ ಮೇಲೆ ನಾನು ನಿಜವಾಗಿ ಕೂಗಾಡಿದ್ದು ಸೈನ್ಯದ ವಿಷಯಕ್ಕೆ. ಅಂತೂ ಇಂತೂ ನನಗೊಂದು ದಂಡು ಸಿಕ್ಕಿತ್ತು. ಒಂದು ಭಾನುವಾರ ಉತ್ತರದ ಕೋಟೆಗೆ ಮುತ್ತಿಗೆ ಹಾಕೋಣವೆಂದು ಕೂತು ನೋಡಿದರೆ ಠಾಣೆ ಖಾಲಿ.

"ನನ್ ಸಿಪಾಯಿಗಳೆಲ್ಲಿ?"

"ಬಿತ್ತನೆಗೆ ಓಗವ್ರೆ," ಎಂದಳು, ತಲೆ ಎತ್ತದೆ.

"ಬಿತ್ತನೆಗಾ? ಯಾರ್ನ ಕೇಳಿ ಕಳಿಸ್ದೆ?"

"ಕುಯ್ಲಾದ್ಮೇಲೆ ವಾಪಸ್ ಬತ್ತಾರೆ. ಬೇಸ್ಗೇಲಿ ಯುದ್ಧ ಮಾಡ್ಕಳಿ. ಹೊಲ ಬೀಳ್ ಬುಟ್ಟು ಯಾರಾರ ಕತ್ತಿ ಇಡ್ಕಂಡು ನಿಂತ್ಕತಾರಾ?"

ಉಡಿಗಾಲದಲ್ಲಿ ಬಿತ್ತನೆ ಬಂತೆಂದರೆ ಊರಲ್ಲಿ ಒಬ್ಬರೂ ಖಾಲಿ ಕೂರುವುದಿಲ್ಲ, ಸಂಬಳಕ್ಕೆ ಹೋಗುವವರೂ ರಜೆ ಹಾಕಿ ಹೊಲಕ್ಕಿಳಿಯುತ್ತಾರೆ. ಅವಳು ಅದೇ ಊರನ್ನು ಆಟದೊಳಗೆ ತಂದಿದ್ದಳು. ನಾನು ಸಿಟ್ಟಿನಿಂದ ಎದ್ದು ಹೋಗಿ ಬಸ್‌ಸ್ಟ್ಯಾಂಡಿನ ಹತ್ತಿರ ಟೀ ಕುಡಿದು ಬಂದೆ. ಬೇಸಿಗೆಯ ಸರದಿಯಲ್ಲಿ ಕೋಟೆಗೆ ಹೋದರೆ ನನ್ನ ಸಿಪಾಯಿಗಳ ಹೊಟ್ಟೆ ತುಂಬಿತ್ತು, ಗಾಡಿ ತುಂಬ ದವಸವಿತ್ತು. ಕೋಟೆಯೊಳಗಿನವರು ಹಸಿದಿದ್ದರು. ಒಬ್ಬರ ಮೇಲೂ ಕತ್ತಿ ಎತ್ತದೆ ಕೋಟೆ ಬಂತು. ನನಗೆ ಸಂತೋಷವೂ ಆಯಿತು, ಯುದ್ಧ ಮಾಡಲು ಸಿಗಲಿಲ್ಲವೆಂದು ಬೇಜಾರೂ ಆಯಿತು.

ಊರುಗಳು ಹೆಚ್ಚಾದಂತೆ ದೂರುಗಳೂ ಹೆಚ್ಚಾದವು. ಅನ್ನ ಕಡಿಮೆಯಾದ ಊರಿನ ಮೇಲೆ ಕೆಂಪು ಗುರುತು ಮಿನುಗುತ್ತಿತ್ತು. ನಾನಾಗಿದ್ದರೆ ಕೆಂಪು ಕಂಡಲ್ಲಿಗೆಲ್ಲ ಓಡುತ್ತಿದ್ದೆ. ಅವಳು ಮೊದಲು ತೆರೆಯುತ್ತಿದ್ದದ್ದು ಬಹಳ ದಿನದಿಂದ ಯಾವ ಗುರುತೂ ಬಾರದ ಊರನ್ನು. ಅಲ್ಲಿ ನೋಡಿದರೆ ಜನ ಸದ್ದಿಲ್ಲದೆ ಗುಳೆ ಹೋಗುತ್ತಿದ್ದರು. ಇದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ವಾರ್ಡಲ್ಲಿ ಕೂಗಾಡೋ ಪೇಶಂಟ್‌ಗೆ ಉಸ್ರು ಅದೆ ಅಂತ ಅರ್ಥ. ಅವ್ರಿಗೆ ಬತ್ತೀನಿ ಇರಪ್ಪ ಅನ್ನಬೋದು. ಇದ್ದಕ್ಕಿದ್ದಂಗೆ ಸುಮ್ಕಾಗೋದೋರ್ನ ಮೊದ್ಲು ನೋಡ್ಬೇಕು," ಎಂದಳು.

ಅವಳ ಕೆಲಸದ ಬಗ್ಗೆ ನಾನು ಅಲ್ಲಿಯವರೆಗೆ ಏನು ತಿಳಿದುಕೊಂಡಿದ್ದೆನೋ ಕಾಣೆ. ಸೂಜಿ, ಮಾತ್ರೆ, ನಿದ್ದೆಗೇಡು, ಅಷ್ಟೇ ಇರಬೇಕು. ಅವಳು ದಿನವೂ ಇಂಥ ತೀರ್ಮಾನಗಳನ್ನು ಮಾಡಿ ಬಂದು, ಏನೂ ಆಗದವಳಂತೆ ಸೊಪ್ಪು ಬಿಡಿಸುತ್ತ ಕೂರುತ್ತಾಳೆ ಎನ್ನುವುದು ನನಗೆ ಗೊತ್ತಾದದ್ದು ಈ ಆಟದಿಂದ. ಹೇಳಿಕೊಳ್ಳಲು ಸಂಕೋಚವೇನಿಲ್ಲ, ಆ ದಿನಗಳಲ್ಲಿ ನನಗೆ ನನ್ನ ಹೆಂಡತಿಯ ಮೇಲೆ ಹೊಸದಾಗಿ ಮನಸ್ಸಾಯಿತು.

ಕಾಡು ಕಳೆದುಕೊಂಡ ಪೂರ್ವದ ರಾಜನಿಗೆ ಬರಬರುತ್ತ ಬೆಳೆ ಕೈಕೊಟ್ಟಿತು. ಆಟದಲ್ಲಿ ಅದಕ್ಕೂ ಲೆಕ್ಕವಿತ್ತು. ಮರ ಹೋದ ಕಡೆ ಹೊಲದ ಮಣ್ಣು ಕೊಚ್ಚಿಹೋಗುತ್ತಿತ್ತು. ನಮ್ಮ ಕಾಡು ನಿಂತೇ ಇತ್ತು, ಅದರಿಂದ ಜೇನು, ಮೇಣ ಬರುತ್ತಿದ್ದವು, ಹೊಲಗಳೂ ಚೆನ್ನಾಗಿದ್ದವು. ಇದೇ ಸಮಯ, ಅವನ ಮೇಲೆ ಬಿದ್ದು ರಾಜ್ಯ ಕಿತ್ತುಕೊಳ್ಳೋಣ ಎಂದು ನಾನು ತೋಳೇರಿಸಿದೆ. ನನ್ನ ಗೆಳೆಯನೂ ಅಂದು ಮನೆಗೆ ಬಂದಿದ್ದ, ಅವನೂ ದನಿಗೂಡಿಸಿದ.

"ಇಷ್ಟ್ ವರ್ಷದ ಗಿರಾಕಿ ಕಣಣ್ಣ ಅವ್ನು," ಎಂದು ಅವಳು ಅವನಿಗೆ ಹೇಳಿದಳು. "ಗಿರಾಕಿನೇ ಕೊಂದ್ಬುಟ್ರೆ ನಮ್ ಉಪ್ಪು ಯಾರ್ ತಾವ ಮಾರದು?"

ಅವನಿಗೆ ದವಸ ಕಳಿಸಿದಳು. ಅವನು ಬದುಕಿಕೊಂಡ, ಕೊನೆಯವರೆಗೂ ನಮ್ಮ ಜೊತೆ ನಿಂತ. ನನ್ನ ಗೆಳೆಯ ಮೆಟ್ಟಿಲಿಳಿಯುತ್ತ, "ನಿನ್ ಕೈಲಿ ರಾಜ್ಯ ಕೊಡ್ಬಾರ್ದು ಕಣ್ಲಾ, ಅಕ್ಕನ್ ಕೈಗೇ ಇರ್ಲಿ," ಎಂದು ಹೇಳಿ ಹೋದ. ನನಗೆ ಹೆಮ್ಮೆಯಿಂದ ಎದೆಯುಬ್ಬಿತು, ಬೈಸಿಕೊಂಡವನು ನಾನೇ ಆದರೂ.

ಇಷ್ಟರಲ್ಲಿ ಒಂದು ಸಂಜೆ ಟೀ ಲೋಟ ಕೈಗಿಡುತ್ತ ಅವಳು ಹೇಳಿದಳು: ಚಾಮರಾಜನಗರದ ಒಂದು ಆಸ್ಪತ್ರೆಯಲ್ಲಿ ವಾರ್ಡಿನ ಇನ್‌ಚಾರ್ಜ್ ಕೆಲಸಕ್ಕೆ ಅವಳನ್ನು ಕೇಳಿದ್ದಾರೆ, ಶನಿವಾರದೊಳಗೆ ಹೂಂ ಅಥವಾ ಉಹುಂ ಹೇಳಬೇಕು. ಒಂದು ವಾರ್ಡು ಪೂರ್ತಿ ಅವಳ ಕೈಯಲ್ಲಿ. ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬರುವ ಕೆಲಸ, ಗುಂಡ್ಲುಪೇಟೆಯಿಂದ ತೆರಕಣಾಂಬಿ ದಾಟಿ ದಿನಾ ಬಸ್ಸಿನಲ್ಲಿ ಹೋಗಿಬರಲಾಗದು, ಅಲ್ಲೇ ಮನೆ ಮಾಡಬೇಕು. ನನಗೋ ಬಂಡೀಪುರದಿಂದ ಗುಂಡ್ಲುಪೇಟೆಗೆ ಬೈಕಿನಲ್ಲಿ ಬರುವುದು ಸಲೀಸು, ಚಾಮರಾಜನಗರಕ್ಕೆ ವಾರಕ್ಕೊಮ್ಮೆ ರಜೆಯಲ್ಲಿ ಹೋದರೆ ಉಂಟು.

"ನಿಮ್ಗೇನನ್ಸ್ತದೆ?" ಎಂದಳು.

"ನೋಡನ," ಎಂದೆ.

ನನಗೆ ಅನ್ನಿಸಿದ್ದು ಬೇರೆ. ಕಾಡಿನಿಂದ ಬಂದು ಬೀಗ ತೆಗೆದು ಕತ್ತಲೆ ಮನೆಯೊಳಗೆ ಹೋಗುವುದು ನನಗೆ ಬೇಡವಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಹಾಗಾಗಿ ಅವಳೇ ಬೇಡ ಎನ್ನಲಿ ಎಂದು ಕಾದೆ. ಮೊದಮೊದಲು ಅವಳು ಆ ಮಾತು ತೆಗೆಯುತ್ತಿದ್ದಳು: ಅಲ್ಲಿ ಯಾವ ಬೀದಿಯಲ್ಲಿ ಮನೆ ಸಿಗಬಹುದು, ಉಡಿಗಾಲ ಹತ್ತಿರವಾದ್ದರಿಂದ ಅವರಮ್ಮ ಬಂದು ಹೋಗಬಹುದು ಎಂದು. ಆಮೇಲೆ ಅದರ ಸುದ್ದಿಯನ್ನೇ ಬಿಟ್ಟಳು. ಎಂದಿನಂತೆ ಅಡುಗೆ, ಎಂದಿನಂತೆ ಕೆಲಸ. ಸದ್ಯ, ತಾನಾಗೇ ಬಗೆಹರಿಯಿತು ಎಂದು ನಾನು ನೆಮ್ಮದಿಯಾಗಿದ್ದೆ.

ಶುಕ್ರವಾರ ಗೆಳೆಯನೂ ನಾನೂ ಕೆರೆಯ ಏರಿಯ ಮೇಲೆ ಗಸ್ತಿನಲ್ಲಿದ್ದೆವು. ಅಕ್ಕನ ಕೆಲಸದ ವಿಷಯ ಏನಾಯಿತು ಎಂದು ಅವನು ಕೇಳಿದ.

"ಏನಿಲ್ಲ ಬುಡು. ಈಗ ಅದ್ರ ಮಾತೇ ಆಡಲ್ಲ, ಸುಮ್ಕಾಗವಳೆ," ಎಂದೆ.

ಹೇಳಿದ ಮೇಲೆ ಆ ಮಾತು ನನ್ನ ಕಿವಿಗೇ ಬಿತ್ತು. ಸುಮ್ಮನಾದವರನ್ನು ಮೊದಲು ನೋಡಬೇಕು ಎಂದು ಹೇಳಿಕೊಟ್ಟವಳೇ ಸುಮ್ಮನಾಗಿದ್ದಾಳೆ, ನಾನು ಅದನ್ನೇ ನೆಮ್ಮದಿ ಎಂದುಕೊಂಡಿದ್ದೇನೆ. ಗಸ್ತು ಮುಗಿಯುವುದನ್ನೇ ಕಾದು ಬೈಕ್ ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮಾತು ಜೋಡಿಸಿಕೊಂಡೆ, ಮನೆ ಬಾಗಿಲಲ್ಲಿ ಎಲ್ಲ ಮರೆತುಹೋಯಿತು. ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು.

"ಏನ್ ತೀರ್ಮಾನ ಮಾಡ್ದೆ?"

"ನಾಳೆ ಬ್ಯಾಡ ಅಂತ ಏಳ್ಬುಟ್ಟು ಬತ್ತೀನಿ," ಎಂದಳು.

"ಯಾಕೆ?"

"ನೀವು ಕಾಡು ಬುಟ್ ಬರಲ್ಲ. ನಾನೂ ಆ ಕಡೆ ಓದ್ರೆ ನಿಮ್ಗೆ ಒಪ್ಪೊತ್ತಿನ ಮುದ್ದೆ ಕಟ್ಟಿಕ್ಕೋರ್ಯಾರು?"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳ ಮೇಲಲ್ಲ. ಮರ ಕಡಿಯಬೇಡ ಎಂದೆ, ಅವಳು ಸುತ್ತಿ ಬಳಸಿ ದಾರಿ ಮಾಡಿಕೊಂಡಳು. ಈಗಲೂ ನನ್ನ ಬಾಯಿಗೆ ಬಾರದ 'ಬೇಡ'ವನ್ನು ತಾನೇ ಕೇಳಿಸಿಕೊಂಡು, ತನಗೆ ಬೇಕಾದ್ದನ್ನು ಬಟ್ಟೆಯ ಜೊತೆ ಮಡಚಿ ಇಡುತ್ತಿದ್ದಾಳೆ.

"ಯಾವೂರೂ ಇನ್ನೊಂದೂರಿನ ಕಣಜ ನಂಬ್ಕಂಡು ಕೂರ್ಬಾರ್ದು ಅಂತ ನೀನೇ ಅಲ್ವಾ ಅಂದಿದ್ದು?" ಎಂದೆ. "ನಾನೇನು ಕಣಜ ಇಲ್ದ ಊರಾ? ಮರ ಇಲ್ದೆ ರಾಜ್ಯ ಕಟ್ದೋಳು ನೀನು. ನಿಂಗೆ ಒಂದ್ ವಾರ್ಡ್ ಕೊಡ್ತೀವಿ ಅಂತ ಕರೀವಾಗ, ಮುದ್ದೆಗೋಸ್ಕರ ನಿಲ್ಸಿದ್ನಂತೆ ಅನ್ನಿಸ್ಕಬೇಕಾ ನಾನು? ಓಗು ಕಣಮ್ಮಿ. ನಂಗೆ ಬೇಜಾರಾಯ್ತದೆ, ಆಗ್ಲಿ. ನೀನ್ ಓಗು."

ಅವಳು ಮಡಚುತ್ತಿದ್ದ ಅಂಗಿಯಿಂದ ಕಣ್ಣೊರೆಸಿಕೊಂಡಳು. ಆಮೇಲೆ, "ಮುದ್ದೆ ಕಟ್ಟಕ್ ಬತ್ತದಾ ನಿಮ್ಗೆ?" ಎಂದಳು.

"ಬರಲ್ಲ. ಕಲಿಸ್ಕೊಡು."

ಅವಳು ಹೊರಡುವ ಮುಂಚಿನ ದಿನಗಳಲ್ಲಿ ಯಾರೂ ಲ್ಯಾಪ್‌ಟಾಪ್ ತೆರೆಯಲಿಲ್ಲ. ಹಿಟ್ಟು ಹಾಕಿದ ಮೇಲೆ ಎಷ್ಟು ಹೊತ್ತು ಬೇಯಬೇಕು, ಕೋಲನ್ನು ಹೇಗೆ ಹಿಡಿದು ತಿರುವಬೇಕು ಎಂದು ಅವಳು ಪಕ್ಕದಲ್ಲಿ ನಿಂತು ಹೇಳಿಕೊಟ್ಟಳು. ನನ್ನ ಮುದ್ದೆಯಲ್ಲಿ ಗಂಟುಗಳೇ ಜಾಸ್ತಿ. ಅವಳು ಗಂಟು ಒಡೆದುಕೊಂಡು ಉಂಡಳು. ಹೊರಡುವ ದಿನ ಅವಳ ಟ್ರಂಕನ್ನು ನಾನೇ ಬಸ್ಸಿಗೆ ಹತ್ತಿಸಿದೆ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಅಲ್ಲೇ ನಿಂತು ಸ್ವಲ್ಪ ಅತ್ತೆ, ಖಾಕಿ ಬಟ್ಟೆಯಲ್ಲಿದ್ದೇನೆ ಎಂಬ ನೆನಪಾಗಿ ಮುಖ ತೊಳೆದುಕೊಂಡೆ.

ಮೊದಲ ರಜೆಗೆ ಚಾಮರಾಜನಗರಕ್ಕೆ ಹೋದೆ. ಹಿಂದಿನ ರಾತ್ರಿಯ ಡ್ಯೂಟಿ ಮುಗಿಸಿ ನೇರವಾಗಿ ಹೊರಟಿದ್ದರಿಂದ ಖಾಕಿಯಲ್ಲೇ ಇದ್ದೆ. ಅವಳ ಕೆಲಸ ಇನ್ನೂ ಮುಗಿದಿರಲಿಲ್ಲ. ವಾರ್ಡಿನ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತೆ. ಅಲ್ಲಿಂದ ಒಳಗೆ ಕಾಣುತ್ತಿತ್ತು. ಅವಳನ್ನು ಕೆಲಸದಲ್ಲಿ ನಾನು ನೋಡಿದ್ದು ಅದೇ ಮೊದಲು. ಹೊಸದಾಗಿ ಒಬ್ಬ ಮುದುಕನನ್ನು ಸ್ಟ್ರೆಚರಿನಲ್ಲಿ ತಂದರು, ಅವನ ಮನೆಯವರು ಗೋಳಾಡುತ್ತಿದ್ದರು. ಅವಳು ದನಿ ಏರಿಸಲಿಲ್ಲ. ಒಂದು ಮಂಚ ಸರಿಸಿದಳು, ಒಬ್ಬಳನ್ನು ಔಷಧಿಗೆ ಕಳಿಸಿದಳು, ಇನ್ನೊಬ್ಬಳಿಗೆ ಕಣ್ಣಲ್ಲೇ ಏನೋ ಹೇಳಿದಳು, ಗೋಳಾಡುವವರ ಭುಜ ಮುಟ್ಟಿ ಹೊರಗೆ ಕೂರಿಸಿದಳು. ಎಲ್ಲವೂ ತಾವಾಗೇ ತಮ್ಮ ಜಾಗಕ್ಕೆ ಹೋದಂತೆ ಕಂಡಿತು. ನಾನು ನೋಡುತ್ತಲೇ ಕೂತಿದ್ದೆ.

ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬಳು ಕೂತಿದ್ದಳು, ಅವಳ ಮಗ ಆ ವಾರ್ಡಿನಲ್ಲಿದ್ದನಂತೆ. "ನಿಮ್ ಕಡೇರು ಯಾವ ಬೆಡ್ಡಪ್ಪ?" ಎಂದು ಕೇಳಿದಳು.

"ಬೆಡ್ಡಲ್ಲಿಲ್ಲ ಕಣವ್ವ. ಅಗೋ ಅಲ್ಲಿ ನಿಂತವ್ರಲ್ಲ, ಅವ್ರೇ ನಮ್ಮನೆಯೋರು."

ಆಕೆ ಒಮ್ಮೆ ನನ್ನ ಹೆಂಡತಿಯನ್ನೂ ಒಮ್ಮೆ ನನ್ನ ಖಾಕಿಯನ್ನೂ ನೋಡಿದಳು. ಮುಖದಲ್ಲಿ ಗಾಬರಿ ಕಾಣಿಸಿತು. ನನ್ನ ಮೊಣಕೈ ಹಿಡಿದುಕೊಂಡು, "ಆಯಮ್ಮನ್ನ ಇಲ್ಲಿಂದ ಬುಡ್ಸಿ ಕರ್ಕಂಡೋಗಕ್ ಬಂದಿದ್ದೀಯೇನಪ್ಪ?" ಎಂದಳು.

"ಇಲ್ಲ ಕಣವ್ವ," ಎಂದೆ. "ನೋಡ್ಕಂಡು ಓಗಕ್ ಬಂದೆ."